ಮುಷ್ಟಿ ಬಿಚ್ಚುವವಳು

“ಲೇ ಮುಂಡೇದೇ, ಅಪ್ಪನ ಕೈ ಬಿಚ್ಚು ಅಂದ್ರೆ ಬಾಯಿ ಬಿಟ್ಕೊಂಡು ನಿಂತಿದೀಯಲ್ಲ! ಕಿವಿಗೆ ಕಾದ ಸೀಸ ಹುಯ್ಕೊಂಡಿದೀಯಾ?”

ಚಿಕ್ಕ ಧಣಿ ಅರಚಿದ ರಭಸಕ್ಕೆ ಅಗಸಗಿತ್ತಿಯ ಕೈಯಲ್ಲಿದ್ದ ಬಿಸಿನೀರಿನ ಬೋಗುಣಿ ತುಳುಕಿತು. ಮಂಚದ ಮೇಲೆ ಮುದಿ ಧಣಿ ಸೂರು ನೋಡುತ್ತ ಬಿದ್ದಿದ್ದ. ಲಕ್ವ ಹೊಡೆದು ಮೂರು ವರ್ಷ. ಮಾತು ಹೋಗಿತ್ತು. ಎಡಗೈ ಹೆಬ್ಬೆರಳನ್ನು ಒಳಗೆ ನುಂಗಿಕೊಂಡು ಕಲ್ಲಿನಂತೆ ಮುಷ್ಟಿ ಕಟ್ಟಿತ್ತು. ಅದನ್ನು ಬಿಚ್ಚುವ ಹದ ಆ ಮನೆಯಲ್ಲಿ ಇವಳೊಬ್ಬಳಿಗೇ ಗೊತ್ತು. ಬಿಸಿ ಬಟ್ಟೆ ಸುತ್ತಿ, ಮಣಿಕಟ್ಟು ಒಳಕ್ಕೆ ಬಗ್ಗಿಸಿ, ಕಿರುಬೆರಳಿನಿಂದ ಶುರುಮಾಡಬೇಕು. ಮಣಿಕಟ್ಟು ಹಿಂದಕ್ಕೆ ಬಾಗಿತೋ, ಬೆರಳು ಮತ್ತೆ ಬಿಗಿದುಕೊಳ್ಳುತ್ತಿದ್ದವು. ಅಂಗೈ ಕೊಳೆಯದಂತೆ ದಿನಾ ತೊಳೆಯುತ್ತಿದ್ದವಳೂ ಅವಳೇ.

“ವಿಲ್‌ನಲ್ಲಿರೋದು ಎಡಗೈ ಹೆಬ್ಬೆಟ್ಟು. ರದ್ದು ಮಾಡೋಕೂ ಅದೇ ಬೇಕು,” ಎಂದ ನೋಂದಣಿ ಕಚೇರಿಯ ಸಾಹೇಬ.

“ಯಾವ ವಿಲ್ಲು ಸ್ವಾಮಿ?” ಎಂದಳು ಅಗಸಗಿತ್ತಿ.

“ಹಿತ್ತಿಲ ಕೋಣೆ ಇವರ ಕಾಲಾನಂತರ ನಿಂದು ಅಂತ ಬರೆದಿದ್ರಲ್ಲ, ಅದು. ಈಗ ವಾಪಸ್ ತಗೋತಿದಾರೆ.”

“ಯಾರು ತಗೋತಿರೋದು? ಮಲಗಿರೋರಾ, ನಿಂತಿರೋರಾ?”

ಸಾಹೇಬ ಕೆಮ್ಮಿದ. ಮಂಚದತ್ತ ಬಗ್ಗಿ, “ಸ್ವಂತ ಇಚ್ಛೆಯಿಂದ ತಾನೇ, ಯಜಮಾನ್ರೇ?” ಎಂದು ಕೇಳಿದ. ಮುದುಕನ ಬಾಯಂಚಿನಿಂದ ಜೊಲ್ಲು ಇಳಿಯಿತು.

“ಹೂಂ ಅಂದ್ರು, ಬರ್ಕೊಳ್ಳಿ,” ಎಂದ ಮಗ.

ಸೊಸೆ ಮೆತ್ತಗೆ ಶುರುಮಾಡಿದಳು. “ಅನ್ನ ಹಾಕಿದ ಮನೆ ಕಣೇ ಇದು. ಉಂಡ ಮನೆ ಜಂತೆ ಎಣಿಸಬೇಡ.”

“ಅನ್ನ ಹಾಕಿದ್ದು ನಿಮ್ಮನೆ, ಅಕ್ಕಾವ್ರೇ. ನನ್ನ ಗಂಡನ್ನ ನುಂಗಿದ್ದು ನಿಮ್ಮ ಬಾವಿ. ಕುಸೀತದೆ ಅಂತ ಬಡ್ಕೊಂಡ್ರೂ ಅವನನ್ನ ಇಳಿಸಿದ್ದು ಇದೇ ಧಣಿ. ಪೊಲೀಸ್ರ ಮುಂದೆ ನಾನು ಬಾಯಿ ಬಿಡಬಾರ್ದು ಅಂತ ಕೋಣೆ ಬರೆದಿದ್ದು. ದಾನ ಅಲ್ಲ ಅದು, ಹೆಣದ ಬೆಲೆ.”

ಚಿಕ್ಕ ಧಣಿ ಅವಳ ತುರುಬಿಗೆ ಕೈಹಾಕಿ ಮಂಚದ ಪಕ್ಕ ಕುಕ್ಕಿ ಕೂರಿಸಿದ. “ಹೆಣದ ಪುರಾಣ ಆಮೇಲೆ ಓದು, ಹಲ್ಕಾ ರಂಡೆ. ಮೊದಲು ಬಿಚ್ಚು.”

ಅವಳು ಬಟ್ಟೆ ಹಿಂಡಿ ಸುತ್ತಿದಳು. ಕಿರುಬೆರಳು ಸಡಿಲಿತು. ಆಮೇಲೆ ಅದರ ಪಕ್ಕದ್ದು, ನಡುವಿನದು, ತೋರುಬೆರಳು. ಬಿಸಿಲು ಕಾಣದ ಗೆಡ್ಡೆಯಂತೆ ಬಿಳಿಚಿಕೊಂಡ ಹೆಬ್ಬೆರಳು ಹೊರಗೆ ಬಂತು. ಸಾಹೇಬ ಶಾಯಿ ಡಬ್ಬಿಯ ಮುಚ್ಚಳ ತೆಗೆದ.

ಅಗಸಗಿತ್ತಿ ಆ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಹಾಕಿಕೊಂಡು ಬಿಗಿದಳು. ಮುದುಕನ ಮಣಿಕಟ್ಟನ್ನು ಹಿಂದಕ್ಕೆ ಸೆಟೆಸಿದಳು. ಅವನ ನಾಲ್ಕೂ ಬೆರಳು ಅವಳ ಕೈಯನ್ನು ಉಡದ ಪಟ್ಟಿನಂತೆ ಕಚ್ಚಿಕೊಂಡವು.

ಮಗ ಎಳೆದ. ಸೊಸೆ ಉಗುರು ನೆಟ್ಟು ಕಿತ್ತಳು, ಅಗಸಗಿತ್ತಿಯ ಕೈಯಿಂದ ರಕ್ತ ಜಿನುಗಿತು. ಮುದುಕ ಗೊರಗುಟ್ಟಿದ. ಹಿಡಿತ ಸಡಿಲಲಿಲ್ಲ.

“ಬಿಚ್ಚೋಳು ನಾನೊಬ್ಬಳೇ, ಧಣಿ. ಬಿಚ್ಚಲ್ಲ.”

ಚಿಕ್ಕ ಧಣಿ ಏದುಸಿರು ಬಿಡುತ್ತ ಬಾಗಿಲಲ್ಲಿದ್ದ ಡ್ರೈವರನ ಕಡೆ ತಿರುಗಿದ. ಈಗ ಅವನ ದನಿ ತಣ್ಣಗಿತ್ತು.

“ಗಾಡೀಲಿ ಇಕ್ಕಳ ಇದೆಯಲ್ಲ, ತಗೊಂಡ್ ಬಾ.”

ಸಾಹೇಬ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತ. ಹೊರಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಮುದುಕ ಅವತ್ತು ಮೊದಲ ಸಲ ಸೂರು ಬಿಟ್ಟು ಅವಳ ಮುಖ ನೋಡಿದ. ಅವಳು ಬಾಗಿಲನ್ನೇ ನೋಡುತ್ತಿದ್ದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.