ಸಾಹೇಬರ ಕೆಲಸ

ನಮ್ಮ ನಾಯಿಗೆ ಸಾಹೇಬ ಎಂದು ಹೆಸರಿಟ್ಟವರು ನನ್ನ ಯಜಮಾನರು. ಕೆಲಸವಿಲ್ಲ ಕಾರ್ಯವಿಲ್ಲ, ಹೊತ್ತುಹೊತ್ತಿಗೆ ಊಟ ಮಾತ್ರ ಬೇಕು ಎನ್ನುವುದು ಅವರ ಕೊಂಕು. ಬಸ್ಸು ಓಡಿಸುವ ಅವರ ಕಣ್ಣಿಗೆ ಕೂತವರೆಲ್ಲ ಸೋಮಾರಿಗಳೇ.

ಸಾಹೇಬ ಬೆಳೆದದ್ದು ನನ್ನ ಹೊಲಿಗೆ ಅಂಗಡಿಯಲ್ಲಿ, ಮಷೀನಿನ ಬುಡದಲ್ಲಿ. ಅಂಗಡಿ ಬದಲಾಯಿಸಿದಾಗ ಹೊಸ ಜಾಗದ ಮಾಲೀಕ ನಾಯಿಯನ್ನು ಒಳಗೆ ಸೇರಿಸಲಿಲ್ಲ. ಅಂದಿನಿಂದ ಅದು ಹಗಲೆಲ್ಲ ಮನೆಯಲ್ಲಿ ಒಂಟಿ. ನಾವು ಬೀಗ ಹಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಊಳಿಡಲು ಶುರು ಮಾಡುತ್ತಿತ್ತು. ಸಂಜೆ ಬಂದರೆ ದಿಂಬಿನ ಹತ್ತಿ ಮನೆ ತುಂಬ.

ಕೆಳಗಿನ ಮನೆಯವನು ಬೇಕರಿಯಲ್ಲಿ ರಾತ್ರಿಪಾಳಿ ಮಾಡಿ ಹಗಲು ಮಲಗುವವನು. ನಿದ್ದೆಗೆಟ್ಟ ಕಣ್ಣಲ್ಲೇ ಹೋಗಿ ಮನೆಯ ಒಡತಿಗೆ ದೂರು ಕೊಟ್ಟ. ಅವನದೇನೂ ತಪ್ಪಿಲ್ಲ ಎಂದು ಗೊತ್ತಿದ್ದರಿಂದ ನನಗೆ ಇನ್ನಷ್ಟು ಉರಿಯಿತು. ತಿಂಗಳ ಕೊನೆಯೊಳಗೆ ಊಳು ನಿಲ್ಲಬೇಕು, ಇಲ್ಲವೇ ನಾಯಿ ಹೋಗಬೇಕು ಎಂದರು ಒಡತಿ. ನಾದಿನಿಯ ಮನೆಗೆ ಕಳಿಸೋಣ ಎಂದು ಯಜಮಾನರು ಸಲಹೆ ಕೊಟ್ಟರು. ನನ್ನ ನಾದಿನಿ ಕಟ್ಟಿಕೊಂಡ ಗಂಡನನ್ನೇ ನೆಟ್ಟಗೆ ನೋಡಿಕೊಳ್ಳುವವಳಲ್ಲ. ಸಾಹೇಬನನ್ನು ಬಿಟ್ಟು ನನ್ನಿಂದ ಇರಲಾಗದು ಎಂದು ಮುಖಕ್ಕೆ ಹೇಳಿದೆ, ಹೇಳುತ್ತ ಅತ್ತುಬಿಟ್ಟೆ.

ದಣಿದರೆ ಮಲಗೀತು ಎಂದು ಬೆಳಗಾಗೆದ್ದು ಬೀದಿಬೀದಿ ಸುತ್ತಿಸಿದೆ. ನನಗೆ ಮಂಡಿನೋವು ಬಂತು, ಅದಕ್ಕೆ ಊಳಿಡಲು ಇನ್ನಷ್ಟು ತ್ರಾಣ ಬಂತು.

ಒಂದು ದಿನ ಅಂಗಡಿಗೆ ಯಾರೋ ಬಟ್ಟೆಗಂಟು ತಂದಿಟ್ಟರು. ಹಳೆಯ ಅಂಗಡಿಯಲ್ಲಾಗಿದ್ದರೆ ಸಾಹೇಬ ಮೊದಲು ಮೂಸಬೇಕಿತ್ತು, ಆಮೇಲೆ ನಾನು ಬಿಚ್ಚಬೇಕಿತ್ತು. ಬಂದವರ ಚೀಲ, ಚಪ್ಪಲಿ, ತುಂಡುಬಟ್ಟೆಯ ಬುಟ್ಟಿ, ಎಲ್ಲಕ್ಕೂ ತಪಾಸಣೆ. ಅಯ್ಯೋ, ಅದು ಸೋಮಾರಿಯಾಗಿರಲೇ ಇಲ್ಲ. ಇದ್ದ ಕೆಲಸವನ್ನು ಕಳೆದುಕೊಂಡು ಕೂತಿತ್ತು.

ಅವತ್ತೇ ದಪ್ಪ ಬಟ್ಟೆಯ ತುಂಡುಗಳನ್ನು ಮನೆಗೆ ತಂದೆ. ಒಂದೊಂದರಲ್ಲಿ ಬಿಸ್ಕತ್ತಿನ ಚೂರಿಟ್ಟು ಗಂಟು ಕಟ್ಟಿ, ಮಂಚದಡಿ, ಬಾಗಿಲ ಹಿಂದೆ, ಬಕೆಟ್ಟಿನೊಳಗೆ ಬಚ್ಚಿಟ್ಟೆ. "ನಿಂಗೆ ತಲೆ ಕೆಟ್ಟಿದೆ ಕಣೇ," ಎಂದರು ಯಜಮಾನರು. ಸಾಹೇಬರು ಎಲ್ಲವನ್ನೂ ಗಳಿಗೆಯಲ್ಲಿ ಹುಡುಕಿ, ಬಿಚ್ಚಿ, ತಿಂದು, ಮತ್ತೆ ದಿಂಬಿಗೇ ಬಾಯಿ ಹಾಕಿದರು. ಜನ್ಮವೆಲ್ಲ ಸೂಜಿದಾರ ಹಿಡಿದ ನನ್ನ ಗಂಟು ಇಷ್ಟು ಸಡಿಲವೇ? ನನಗೂ ಹಟ ಬಂತು. ಗಂಟಿನ ಮೇಲೆ ಗಂಟು ಹಾಕಿದೆ. ಗಂಟನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದರಲ್ಲಿ ತುರುಕಿದೆ. ದಿನಕ್ಕೊಂದು ಹೊಸ ಜಾಗ ಹುಡುಕಿದೆ. ಸಂಜೆ ಬಂದರೆ ಬಿಚ್ಚಿದ ಬಟ್ಟೆಗಳು ನೆಲದ ಮೇಲೆ, ದಿಂಬು ಮಂಚದ ಮೇಲೆ. ಆದರೆ ನಡುವೆ ಊಳಿಟ್ಟಿತೋ ಇಲ್ಲವೋ ಯಾರಿಗೆ ಗೊತ್ತು? ಬೇಕರಿಯವನನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ.

ಗಡುವಿನ ದಿನ ಮಧ್ಯಾಹ್ನ ಒಡತಿ ನನ್ನನ್ನು ಅಂಗಡಿಯಿಂದ ಕರೆಸಿದರು. ಬೇಕರಿಯವನೂ ಬಂದ. ಮೂವರೂ ಬೀಗ ಹಾಕಿದ ಬಾಗಿಲ ಮುಂದೆ ನಿಂತೆವು. ಒಳಗಿನಿಂದ ಒಂದು ಸದ್ದೂ ಇಲ್ಲ.

ಬೇಕರಿಯವನ ಮುಖ ಬಾಡಿತು. "ಕಳ್ಸೇಬಿಟ್ರಾ ಅಕ್ಕ? ಈಚೆಗೆ ಚೆನ್ನಾಗಿ ನಿದ್ದೆ ಬರ್ತಿತ್ತು, ಅದಕ್ಕೇನಾ? ಛೆ, ನನ್ನಿಂದ ಹೀಗಾಯ್ತಲ್ಲ."

ನಾನು ಬೀಗ ತೆಗೆದೆ.

ಸಾಹೇಬರು ನಡುಮನೆಯಲ್ಲಿ ಮುಂಗಾಲುಗಳ ನಡುವೆ ಗಂಟೊಂದನ್ನು ಅದುಮಿ ಹಿಡಿದು, ಹಲ್ಲಿನ ತುದಿಯಿಂದ ಮೆಲ್ಲಗೆ ಎಳೆಯುತ್ತಿದ್ದರು. ಒಮ್ಮೆ ಕಣ್ಣೆತ್ತಿ ನಮ್ಮನ್ನು ನೋಡಿದರು, ಬಾಲವನ್ನು ನೆಲಕ್ಕೆ ಬಡಿದರು, ಮತ್ತೆ ಗಂಟಿಗೆ ಬಾಯಿ ಹಾಕಿದರು. ಬೇಕರಿಯವನು ಗೋಡೆಗೊರಗಿ ನಕ್ಕ.

ಒಡತಿ ದನಿ ತಗ್ಗಿಸಿ ಹೇಳಿದರು: "ಇರ್ಲಿ ಬಿಡಮ್ಮ, ಇಲ್ಲೇ ಇರ್ಲಿ. ಬಾಗಿಲು ಹಾಕು, ಪಾಪ, ಅದು ಕೆಲಸದಲ್ಲಿದೆ."

ಮೂವರೂ ತುದಿಗಾಲಲ್ಲಿ ಹೊರಗೆ ಬಂದೆವು. ನಾನು ಸಾಕಿದ ನಾಯಿ ನನ್ನನ್ನೇ ಕ್ಯಾರೇ ಅನ್ನಲಿಲ್ಲ. ಜನ್ಮದಲ್ಲಿ ನನಗೆ ಇಷ್ಟು ಖುಷಿಯಾಗಿರಲಿಲ್ಲ.