ಮಾವನ ನಾಲಿಗೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಗಾದೆ ಕಟ್ಟಿದವರು ಈ ಮನೆಯ ಮಾವನನ್ನು ನೋಡಿರಲಿಲ್ಲ, ಅಷ್ಟೆ. ಇಲ್ಲಿ ಅತ್ತೆ ಬಾಯಿಲ್ಲದ ಜೀವ. ಎತ್ತು ಈದಿದೆ ಎಂದು ಗಂಡ ಹೇಳಿದರೆ ಕರು ಕಟ್ಟಲು ಹಗ್ಗ ಹುಡುಕುವವಳು. ದರ್ಬಾರೆಲ್ಲ ಮಾವನದು, ಅದೂ ಅವನ ನಾಲಿಗೆಯದು.

ಪೇಟೆಯಾಚೆ ಅವರದೊಂದು ಸಣ್ಣ ತೋಟ. ಗೊಬ್ಬರದಂಗಡಿಯ ಮೆಟ್ಟಿಲು ಹತ್ತದೆ, ಗಿಡಗಳಿಗೆ ಔಷಧಿ ಹೊಡೆಯದೆ, ಕೋಳಿ ಹಿಕ್ಕೆ, ತರಗೆಲೆ, ಅಡುಗೆಮನೆಯ ಸಿಪ್ಪೆಗಳಿಂದಲೇ ಮಣ್ಣನ್ನು ಕಪ್ಪಗೆ, ಮೆತ್ತಗೆ ಮಾಡಿಕೊಂಡಿದ್ದರು. ಬಿತ್ತನೆ ಬೀಜವೂ ಮನೆಯದೇ. ಭಾನುವಾರ ಮಧ್ಯಾಹ್ನ ಮರದ ನೆರಳಿನ ಉದ್ದನೆಯ ಮೇಜಿಗೆ ಪೇಟೆಯ ಪರಿಚಯದವರನ್ನು ಊಟಕ್ಕೆ ಕರೆಯುತ್ತಿದ್ದರು. ಬಂದವರು ಟೊಮೆಟೊ ಕಚ್ಚಿ ಕಣ್ಣು ಮುಚ್ಚುವರು. ಹುಟ್ಟಿದರೆ ಇಂಥ ಮನೆಯಲ್ಲಿ ಹುಟ್ಟಬೇಕು ಎನ್ನುವರು. ಒಂದು ವಾರ ಸೊಸೆಯಾಗಿ ಇದ್ದು ನೋಡಲಿ, ಆಮೇಲೆ ಮಾತಾಡೋಣ.

ಯಾವ ಪಾತ್ರೆಯಾದರೂ ಮೊದಲು ಮಾವನ ಮುಂದೆ ಬರಬೇಕು. ಅವನು ಒಂದು ಚಮಚ ಬಾಯಿಗೆ ಬಿಟ್ಟುಕೊಂಡು ಆಕಾಶ ನೋಡುತ್ತಾನೆ. ತಲೆ ಆಡಿಸಿದರೆ ಪಾತ್ರೆ ಮೇಜಿಗೆ. ಚಮಚ ಕೆಳಗಿಟ್ಟರೆ ಹಂದಿದೊಡ್ಡಿಗೆ. ನಿಜ ಹೇಳಬೇಕೆಂದರೆ, ಅವನ ನಾಲಿಗೆ ಸುಳ್ಳು ಹೇಳುತ್ತಿರಲಿಲ್ಲ. ಕ್ಯಾರೆಟ್ ತಿಂದು ಯಾವ ಪಾತಿಯದೆಂದು ಹೇಳುತ್ತಿದ್ದ. ಆದರೆ ಆ ನಾಲಿಗೆಗೆ ರುಚಿ ನೋಡುವುದಷ್ಟೇ ಕೆಲಸವಾಗಿರಲಿಲ್ಲ. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಅಪ್ಪ ಊಟಕ್ಕೆ ಬಂದಿದ್ದರು. ಅವರ ಎದುರಿಗೇ ಅವಳ ಪಾತ್ರೆಯನ್ನು ಪಕ್ಕಕ್ಕೆ ತಳ್ಳಿ, ಹಂದಿಗೂ ಒಂದು ಮರ್ಯಾದೆ ಇರುತ್ತೆ, ಕೇಳಿಕೊಂಡು ಹಾಕಿ ಎಂದ. ಬಂದವರೆಲ್ಲ ನಕ್ಕರು. ಅವಳ ಅಪ್ಪನೂ ನಗಬೇಕಾಯಿತು. ಆ ನಗುವನ್ನು ಅವಳು ಹೊಟ್ಟೆಗೆ ಹಾಕಿಕೊಂಡಳು ಎಂದು ಎಲ್ಲರೂ ತಿಳಿದರು.

ಕಳೆದ ಚಳಿಗಾಲದಲ್ಲಿ ಮಾವನಿಗೆ ಜ್ವರ ಬಂದು ಹೋಯಿತು. ಎದ್ದ ಮೇಲೆ ಒಂದು ದಿನ ಒಲೆಯ ಪಕ್ಕದಲ್ಲೇ ಕೂತಿದ್ದ. ಹಾಲು ತಳಹಿಡಿದು ಅಂಗಳದವರೆಗೂ ವಾಸನೆ ಹೋದರೂ ಅವನ ಮೂಗು ಅರಳಲಿಲ್ಲ. ಅದೇ ಹಾಲನ್ನು ಕೇಳಿ ಕುಡಿದ. ಸೊಸೆ ಮರುದಿನ ಅವನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟಳು. ಅದನ್ನೂ ಕುಡಿದು ಲೋಟ ಕೆಳಗಿಟ್ಟ. ಮಾವನ ಜುಟ್ಟು ಅವಳ ಕೈಗೆ ಸಿಕ್ಕಿತ್ತು. ಅವಳು ಗಂಡನಿಗೂ ಹೇಳಲಿಲ್ಲ.

ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದಳೋ ಏನೋ. ಆದರೆ ರುಚಿ ಸತ್ತವನು ಸುಮ್ಮನಿರಬೇಕಲ್ಲ. ಚೆನ್ನಾಗಿದೆ ಎಂದು ಸಿಕ್ಕಿಬೀಳುವುದಕ್ಕಿಂತ ಚೆನ್ನಾಗಿಲ್ಲ ಎನ್ನುವುದು ಕ್ಷೇಮ ಎಂದು ಅವನಿಗೆ ಬೇಗ ಹೊಳೆಯಿತು. ವಾರವಾರವೂ ಒಳ್ಳೊಳ್ಳೆಯ ಅಡುಗೆ ದೊಡ್ಡಿಗೆ ಹೋಗತೊಡಗಿತು. ಹಂದಿಗಳು ಮೈಕೈ ತುಂಬಿಕೊಂಡವು. ಒಲೆಯ ಮುಂದೆ ಬೆವರು ಸುರಿಸಿದವಳು ಅದೇ ಪಾತ್ರೆಗಳನ್ನು ಹೊತ್ತೊಯ್ದು ಸುರಿಯಬೇಕಿತ್ತು. ಅವನಿಗೆ ರುಚಿಯೇ ತಿಳಿಯದು ಎಂದು ಗೊತ್ತಿದ್ದೂ ಸುರಿಯಬೇಕಿತ್ತು. ಅವಳ ಮೈ ಉರಿಯುತ್ತಿತ್ತು.

ಕುಂಬಳದ ಕಾಲ ಬಂತು. ಕುಂಬಳವೆಂದರೆ ಆ ತೋಟದಲ್ಲಿ ಮಾವನ ಹೆಮ್ಮೆ. ಬೀಜ ಆರಿಸುವುದು ಅವನೊಬ್ಬನೇ. ಪಕ್ಕದ ತೋಟದವನು ಬೇಲಿಯ ಮೇಲೆ ಅಂದಕ್ಕೆಂದು ಕಾಡುಕುಂಬಳದ ಬಳ್ಳಿಯೊಂದನ್ನು ಹಬ್ಬಿಸಿದ್ದ. ಅದರ ಹೂವಿನ ಪುಡಿ ಜೇನುನೊಣದ ಕಾಲಿಗಂಟಿ ಈಚೆ ಬಂದರೆ, ಆ ಬೀಜದಿಂದ ಮರುವರ್ಷ ಆಗುವ ಕಾಯಿ ಕಹಿ. ಕಹಿ ಎಂದರೆ ಬರೀ ಕಹಿಯಲ್ಲ, ವಿಷ. ಹಿಂದೊಮ್ಮೆ ಅಂಥದನ್ನು ತಿಂದು ಕೂಲಿಯವನೊಬ್ಬ ರಕ್ತ ಕಾರಿದ್ದ. ಅಂದಿನಿಂದ, ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ, ಕಹಿಯಾದರೆ ಉಗಿಯಬೇಕು ಎಂಬುದು ಮನೆಯ ನಿಯಮ. ನಿಯಮ ಮಾಡಿದವನೂ ಮಾವನೇ.

ಒಂದು ಭಾನುವಾರ, ಮಾವ ತಾನೇ ಬಿತ್ತಿದ ಬಳ್ಳಿಯ ಕಾಯಿಯನ್ನು ಸೊಸೆ ಕೊಯ್ದು, ಚೂರು ಬಾಯಿಗಿಟ್ಟು, ತಕ್ಷಣ ಉಗಿದಳು. ಬಾಯಿ ಎಷ್ಟು ತೊಳೆದರೂ ಕಹಿ ಹೋಗಲಿಲ್ಲ. ಆಮೇಲೆ ಕೂತು ಸ್ವಲ್ಪ ಹೊತ್ತು ಯೋಚಿಸಿದಳು. ಎಲ್ಲರಿಗೂ ಬೇರೆ ಕಾಯಿಯ ಸೂಪು ಮಾಡಿದಳು. ಈ ಕಹಿಕಾಯಿಯದನ್ನು ಬೇರೆ ಪಾತ್ರೆಯಲ್ಲಿ, ಬೆಣ್ಣೆ ಹಾಕಿ, ಮಾವನಿಗೆ. ಅವನ ಪಕ್ಕ ಕೂರುವ ನಿವೃತ್ತ ಮೇಷ್ಟ್ರು ಎಲ್ಲರ ತಟ್ಟೆಗೂ ಕೈ ಹಾಕುವ ಆಸಾಮಿ. ಮಾವ ಒಂದು ಗುಟುಕು ಕುಡಿದು ಹೊಗಳಬೇಕು, ಮೇಷ್ಟ್ರು ರುಚಿ ನೋಡಿ ಉಗಿಯಬೇಕು, ನಾಲಿಗೆಯ ಬಂಡವಾಳ ಬಯಲಾಗಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

"ನಿಮ್ಮ ಬಳ್ಳಿಯದೇ ಮಾವ, ನಿಮಗಂತಲೇ ಮಾಡಿದ್ದು," ಎಂದು ಬಟ್ಟಲು ಇಟ್ಟಳು.

ತನ್ನ ಬಳ್ಳಿಯನ್ನು ತಾನೇ ಹಂದಿಗೆ ಹಾಕಲಾದೀತೆ? ಮಾವ ಕುಡಿದು ಆಕಾಶ ನೋಡಿದ. ಜೇನು ಕಣಮ್ಮ ಎಂದ. ಮುಂದಿನ ವರ್ಷಕ್ಕೆ ಬೀಜ ಇದರದೇ ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಮೇಷ್ಟ್ರು ಚಮಚ ಅದ್ದಿದರು. ಮುಖ ಹಿಂಡಿಕೊಂಡು, ಕರವಸ್ತ್ರ ತೆಗೆಯುವಷ್ಟೂ ವ್ಯವಧಾನವಿಲ್ಲದೆ ಹುಲ್ಲಿನ ಮೇಲೆ ಉಗಿದರು.

"ವಿಷ ಕಣಯ್ಯ ಇದು," ಎಂದರು.

ಮಾವನ ಮುಖದ ಬಣ್ಣ ಇಳಿದದ್ದನ್ನು ಸೊಸೆ ಕಣ್ತುಂಬ ನೋಡಿದಳು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಮೇಷ್ಟ್ರಿಗೆ ವಯಸ್ಸಾಯಿತು, ಬಾಯಿ ಕೆಟ್ಟಿದೆ ಎಂದು ಅವನು ನಗಲು ನೋಡಿದ. ಯಾರೂ ನಗಲಿಲ್ಲ. ಮಗನ ಕಡೆ ನೋಡಿದ, ಮಗ ಬ್ರೆಡ್ಡಿನ ಚೂರು ಮುರಿಯುತ್ತ ಕೂತ. ಕೊನೆಗೆ ಎಂದೂ ತಪ್ಪದ ಸಾಕ್ಷಿಯನ್ನು ಕರೆದ.

"ಇವಳೇ, ಬಾ ಇಲ್ಲಿ. ನೀನು ಹೇಳು."

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದಳು. ಚಮಚ ತುಂಬ ತೆಗೆದುಕೊಂಡು ಬಾಯಿಗಿಟ್ಟು, ನುಂಗಿದಳು. ಹುಬ್ಬು ಕೂಡ ಅಲುಗಲಿಲ್ಲ.

"ಸಿಹಿಯಾಗೇ ಇದೆ," ಎಂದಳು. "ನೀವು ಹೇಳಿದ ಮೇಲೆ ಬೇರೆ ಇರುತ್ತಾ?"

ಮಾವ ಉಸಿರು ಬಿಟ್ಟ. ಕೇಳಿದಿರಾ ಮೇಷ್ಟ್ರೇ ಎಂದು ಎದೆ ಉಬ್ಬಿಸಿದ. ಥೂ, ಈ ಮುದುಕಿಗೆ ಈ ಜನ್ಮದಲ್ಲಿ ಬೆನ್ನುಮೂಳೆ ಬರುವುದಿಲ್ಲ ಎಂದು ಸೊಸೆ ಹಲ್ಲು ಕಚ್ಚಿದಳು. ಅತ್ತೆ ಒಳಗೆ ಹೋಗಿ ಉಳಿದ ಪಾತ್ರೆಯನ್ನೇ ಹೊತ್ತು ತಂದಳು. ಗಂಡನ ಬಟ್ಟಲಿಗೆ ಅಂಚಿನವರೆಗೆ ಬಡಿಸಿ, ಅವನ ಎದುರಿಗೇ ಕುರ್ಚಿ ಎಳೆದು ಕೂತಳು. ಬಡಿಸುವಾಗ ಅವಳು ಮೇಜಿನ ಬಳಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಊಟ ಮಾಡ್ರೀ. ಬಿಸಿ ಇದೆ."

ಮಾವ ಅವಳ ಮುಖ ನೋಡಿದ. ಏನು ಕಂಡಿತೋ, ಚಮಚವನ್ನು ಬಟ್ಟಲಲ್ಲೇ ತಿರುವುತ್ತ ಕೂತ. ಇದು ಕಹಿ ಎಂದು ಈಗ ಅವನಿಗೂ ಗೊತ್ತು. ಕಹಿ ಏನು ಮಾಡುತ್ತದೆಂಬುದು ಇನ್ನೂ ಚೆನ್ನಾಗಿ ಗೊತ್ತು. ಬೇಡ ಎಂದರೆ ಬದುಕಿಕೊಳ್ಳುತ್ತಾನೆ, ಆದರೆ ಇಷ್ಟು ಜನರ ಮುಂದೆ ನಾಲಿಗೆ ಸತ್ತಿದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಅವನು ಕುಡಿದ. ಸೊಸೆ ಒಂದು ಗುಟುಕಿನ ಲೆಕ್ಕ ಹಾಕಿದ್ದಳೇ ಹೊರತು ಇದನ್ನಲ್ಲ. ಸಾಕು ಬಿಡಿ ಮಾವ ಎಂದು ಬಟ್ಟಲಿಗೆ ಕೈ ಚಾಚಿದಳು. ಅತ್ತೆ ಆ ಕೈಯನ್ನು ಹಿಡಿದು ಮೇಜಿಗೆ ಒತ್ತಿದಳು. ಮುದುಕಿಯ ಹಿಡಿತ ಅಷ್ಟು ಬಿಗಿ ಇರುತ್ತದೆಂದು ಅವಳು ಎಣಿಸಿರಲಿಲ್ಲ.

ಮಾವ ಬಟ್ಟಲು ಖಾಲಿ ಮಾಡಿ, ಹಣೆಯ ಬೆವರು ಒರೆಸಿಕೊಂಡು, ಚೆನ್ನಾಗಿದೆ ಎಂದ.

"ನಂಗೊತ್ತು," ಎಂದು ಅತ್ತೆ ಇನ್ನೊಂದು ಸೌಟು ಬಡಿಸಿದಳು.