ಕೃಪಾಬಾಯಿ ಬಿಟ್ಟುಕೊಟ್ಟ ಜಾಗ

ಕೃಪಾಬಾಯಿಯವರು ವರ್ಷಕ್ಕೊಮ್ಮೆ ಮಾತ್ರ ಇಳಕಲ್ಲ ರೇಷ್ಮೆ ಸೀರೆ ಉಡುತ್ತಿದ್ದರು, ಉಟ್ಟು ನೇರವಾಗಿ ಸ್ಮಶಾನಕ್ಕೆ ಹೋಗುತ್ತಿದ್ದರು. ಪುನರುತ್ಥಾನದ ಹಬ್ಬವಾದ ಈಸ್ಟರಿನ ನಸುಕಿನಲ್ಲಿ, ಬೇಗಂಪೇಟೆಯ ನಮ್ಮ ಓಣಿ ಇನ್ನೂ ಮುಸುಕೆಳೆದು ಮಲಗಿರುವಾಗ, ಮಲ್ಲಿಗೆಯ ಬುಟ್ಟಿಯನ್ನೂ ಮೇಣದಬತ್ತಿಯ ಕಟ್ಟನ್ನೂ ಹಿಡಿದು, ಎಡಗಾಲನ್ನು ತುಸು ಎಳೆಯುತ್ತಲೇ ನನ್ನನ್ನು ಹಿಂದೆ ಹಾಕುವ ನಡಿಗೆಯಲ್ಲಿ ಅವರು ಹೊರಟರೆಂದರೆ, ತವರಿಗೆ ಹೊರಟ ಹೆಣ್ಣುಮಗಳೇ ಸೈ.

ನಾನು ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಂಥದೊಂದರಲ್ಲಿ ನನ್ನ ನೌಕರಿ. ಅವರು ಬೆಟಗೇರಿಯ ಕ್ರೈಸ್ತ ಮನೆತನದವರು, ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಗುಳಿಗೆಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಒಡಕು ಹುಡುಕಿ ರೂಢಿಯಾದ ಆ ಕಣ್ಣು ಮನುಷ್ಯರ ಮೇಲೂ ಹಾಗೆಯೇ ನಿಲ್ಲುತ್ತಿತ್ತು. ಏನು ಕೇಳಿದರೂ ಅರೆಗಳಿಗೆ ದಿಟ್ಟಿಸಿ ಆಮೇಲೆಯೇ ಉತ್ತರ. ಕಾರ್ಖಾನೆಯ ಬಿಳಿ ಕೋಟು ಅಡುಗೆಮನೆಯಲ್ಲಿ ಇನ್ನೂ ಸೇವೆಯಲ್ಲಿತ್ತು, ಜೇಬಿನಲ್ಲಿ ಕರಿಬೇವು ತುಂಬಿಕೊಂಡು.

ಶಿಲುಬೆಯ ಮೇಲೆ ಸತ್ತವನು ಮೂರನೆಯ ದಿನ ಎದ್ದನೆಂಬುದನ್ನು ಇಂಥ ಕಣ್ಣು ಹೇಗೆ ಒಪ್ಪಿತೆಂಬುದೇ ನನ್ನ ಕುತೂಹಲ. ಒಮ್ಮೆ ಕೇಳಿಯೇಬಿಟ್ಟೆ.

"ಅವತ್ತ ಆತನ ಗೋರಿಗೆ ಹೋದ ಹೆಂಗಸರೂ ಅಂಜಿ ಓಡಿದ್ರಪ್ಪ. ನನಗೂ ಅಂಜಿಕಿ ಐತಿ. ಆದ್ರ ಆತ ಎದ್ದಿಲ್ಲಂದ್ರ, ನಮ್ಮ ಯಜಮಾನ್ರ ಜೋಡಿ ನನ್ನ ಮಾತು ಅರ್ಧಕ್ಕ ನಿಂತಂಗ ಆತು."

ಯಜಮಾನರು ಹೇಮಂತರು ತೀರಿಕೊಂಡಾಗ ಕೃಪಾಬಾಯಿ ಸಮಾಧಿಯ ಗುಂಡಿಯನ್ನು ಎರಡಾಳು ಆಳ ತೋಡಿಸಿ, ಅವರ ಪೆಟ್ಟಿಗೆಯ ಮೇಲೆ ತಮ್ಮದಕ್ಕೂ ಜಾಗ ಬಿಡಿಸಿಕೊಂಡಿದ್ದರು.

ನಾನು ಅಲ್ಲಿದ್ದ ಒಂದು ವರ್ಷ ನಮ್ಮ ಆಫೀಸಿನ ಕ್ಯಾಬ್ ಓಡಿಸುತ್ತಿದ್ದ ಮೋಹನನ ಹೆಂಡತಿ ಕಾಮಾಲೆಯಿಂದ ತೀರಿಹೋದಳು. ಅವನೂ ಕೃಪಾಬಾಯಿಯವರ ಚರ್ಚಿನ ಸಭೆಯವನೇ, ಬೀದರದ ಕಡೆಯಿಂದ ಹೊಸದಾಗಿ ಬಂದವನು. ಸ್ಮಶಾನ ತುಂಬಿತ್ತು, ಕುಟುಂಬದ ಹಳೆಯ ಸಮಾಧಿ ಇದ್ದವರಿಗೆ ಮಾತ್ರ ಅದರಲ್ಲೇ ಅವಕಾಶ. ಈ ಊರಿನ ಮಣ್ಣಿನಲ್ಲಿ ಮೋಹನನ ಪೈಕಿ ಯಾರೂ ಇರಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಕೃಪಾಬಾಯಿ ಅವನನ್ನು ಅರೆಗಳಿಗೆ ದಿಟ್ಟಿಸಿದರು.

"ನಮ್ಮವರ ಮ್ಯಾಲಿನ ಜಾಗ ಖಾಲಿ ಐತ್ರಿ. ಅಕೀನ ಅಲ್ಲಿ ಇಡ್ರಿ."

"ನಿಮಗ್ರೀ ಅಮ್ಮಾರ?" ಎಂದರು ಸಭಾಪಾಲಕರು.

"ನನ್ನ ಎಲ್ಲ್ಯರೆ ಇಡ್ರಿ. ಸತ್ತವರು ಎದ್ದೇಳೂ ದಿನ ಅವರನ್ನ ಹುಡುಕ್ಕೊಂಡು ಬರ್ತೀನಿ."

ನಂಬಿಕೆಯೆಂದರೆ ಇಷ್ಟು ಸಲೀಸೇ ಎಂದು ನಾನು ಬೆರಗಾದೆ. ವಾರದ ನಂತರ ಬಾಡಿಗೆ ಕೊಡಲು ಇಳಿದಾಗ ಅವರು ಬೆಳ್ಳುಳ್ಳಿ ಸುಲಿಯುತ್ತ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಕೊಟ್ಟದ್ದಕ್ಕ ಪಶ್ಚಾತ್ತಾಪ ಇಲ್ಲ. ಆದ್ರ ಮೂವತ್ತು ವರ್ಷ ಅವರ ಬಾಜೂಕ ಮಲಗೀನಪ್ಪ. ಇನ್ನ ಅವರೆಲ್ಲೋ, ನಾ ಎಲ್ಲೋ."

ಪಕ್ಕದಲ್ಲಿ ಕುಳಿತು ನಾನೂ ನಾಲ್ಕು ಬೆಳ್ಳುಳ್ಳಿ ಸುಲಿದೆ.

ಪುನರುತ್ಥಾನವನ್ನು ನಂಬಿದವರಿಗೆ ಸಾವು ನೋಯುವುದಿಲ್ಲವೆಂದು ಅಲ್ಲಿಯತನಕ ನಾನು ತಿಳಿದಿದ್ದೆ. ನನ್ನ ಸಂದೇಹಗಳು ಈಗಲೂ ಇದ್ದಲ್ಲೇ ಇವೆ. ಆದರೆ ಇಂಥ ಜನ ಅಳುತ್ತಲೇ ತಮ್ಮ ಜಾಗವನ್ನು ಪರರಿಗೆ ಬಿಟ್ಟು, ಎಲ್ಲರೂ ಎದ್ದೇಳುವ ಆ ಒಂದು ಬೆಳಗನ್ನು ನೆಚ್ಚಿ ದೂರದಲ್ಲೆಲ್ಲೋ ಒಬ್ಬರೇ ಮಲಗಲು ಒಪ್ಪುತ್ತಾರೆ; ಆ ಬೆಳಗು ಬಾರದೆ ಹೋದರೆ ತಾವು ಕಳೆದುಕೊಳ್ಳುವುದೇನೆಂದು ಅವರಷ್ಟು ಬಲ್ಲವರು ಯಾರೂ ಇಲ್ಲ.